ಪ್ರೋಟಾನ್ ಥೆರಪಿ ರಿವ್ಯೂ: 33 ದಿನ, ಒಂದು ನೆಗಡಿ, ನಾಲ್ಕು ಸ್ಟಾರ್

ಮಿಕ್ಸಿಗೆ ಬರೆದಿದ್ದೇನೆ, ಫೋನಿಗೆ ಬರೆದಿದ್ದೇನೆ, ದೋಸೆ ಹೋಟೆಲುಗಳಿಗಂತೂ ಲೆಕ್ಕವಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ರಿವ್ಯೂ ಬರೆಯುವ ದಿನ ಬರುತ್ತೆ ಅಂದುಕೊಂಡಿರಲಿಲ್ಲ. ಆದರೆ ಮನೆ ಒಂದನ್ನು ಬಿಟ್ಟರೆ ಇಷ್ಟು ದುಬಾರಿಯ ಇನ್ನೇನನ್ನೂ ನಾನು ಈ ಜನ್ಮದಲ್ಲಿ ಬಳಸಿಲ್ಲ. ಹೋಗುವ ಮುಂಚೆ ಅನುಭವಿಸಿದವರು ಯಾರಾದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದಾರಾ ಅಂತ ಹುಡುಕಿದೆ. ಸಿಕ್ಕಿದ್ದೆಲ್ಲ ಜಾಹೀರಾತು. ಅದಕ್ಕೇ ಇದು.

ನಾನು ಶಿವಮೊಗ್ಗದವನು, ಹದಿನೈದು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಗಡ್ಡೆ ಇದ್ದದ್ದು ಎಡಗೆನ್ನೆಯ ಒಳಗೆ, ಸೈನಸ್ ಅನ್ನುತ್ತಾರಲ್ಲ, ಆ ಗಾಳಿ ಗೂಡಿನಲ್ಲಿ. ಆಪರೇಷನ್ ಮಾಡಿ ತೆಗೆದರು. ಮೂಳೆಯ ಸಂದಿಯಲ್ಲಿ ಚೂರುಪಾರು ಉಳಿದಿರಬಹುದು, ಅದಕ್ಕೆ ರೇಡಿಯೇಷನ್ ಬೇಕೇ ಬೇಕು ಅಂದರು. ತೊಂದರೆ ಏನಪ್ಪಾ ಅಂದರೆ ಆ ಜಾಗದ ಒಂದು ಪಕ್ಕ ಕಣ್ಣಿನ ನರ, ಹಿಂದೆ ಮಿದುಳಿನ ಬುಡ. ಹಾಗಾಗಿ ಪ್ರೋಟಾನ್, ಅಂದರೆ ಎಕ್ಸ್‌ರೇ ಬದಲು ಪರಮಾಣುವಿನೊಳಗಿನ ಒಂದು ಕಣವನ್ನು ಕಿರಣ ಮಾಡಿ ಬಿಡುವ ರೇಡಿಯೇಷನ್. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಈ ದೇಶದಲ್ಲಿ ಇಂಥವು ನಲವತ್ತಕ್ಕೂ ಜಾಸ್ತಿ ಇವೆ, ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಎಲ್ಲ ಕಡೆಗೂ ಹೊಂದುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಕೇಳಿದ ಮೊದಲ ಪ್ರಶ್ನೆ, "ಕರೆಂಟ್ ಕೊಡ್ತಾರಾ ಮಗಾ?" ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೇ ಅಲ್ವಾ ಹೇಳುವುದು. ಹೂಂ ಅಮ್ಮ, ಆದರೆ ಇದು ಬೇರೆ ಥರದ ಕರೆಂಟ್, ಹೇಳಿದ ಜಾಗದಲ್ಲಿ ನಿಂತುಕೊಳ್ಳುತ್ತೆ ಅಂದೆ. "ನಿಲ್ಲದೇ ಇದ್ರೆ?" ಅಂದರು. ಭೌತವಿಜ್ಞಾನಿಗಳು ಎಷ್ಟೋ ವರ್ಷದಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಅದೇ ಅಂತ ನನಗೆ ಆಮೇಲೆ ಗೊತ್ತಾಯಿತು.

ವಿಷಯ ಹೀಗೆ. ಮಾಮೂಲಿ ರೇಡಿಯೇಷನ್ ಅಂದರೆ ಎಕ್ಸ್‌ರೇ. ಅದು ನಮ್ಮ ಕೆಂಪು ಬಸ್ಸಿನ ಹಾಗೆ. ಹತ್ತಿದ ಕಡೆಯಿಂದಲೇ ಊರೂರಿಗೂ ಜನ ಇಳಿಸಿಕೊಂಡು ಹೋಗುತ್ತದೆ, ನಮ್ಮೂರಲ್ಲೂ ಒಂದಿಷ್ಟು ಜನ ಇಳಿಯುತ್ತಾರೆ, ಆಮೇಲೂ ನಿಲ್ಲದೆ ಆಚೆ ಊರುಗಳಿಗೂ ಇಳಿಸುತ್ತಾ ಹೋಗುತ್ತದೆ. ಗಡ್ಡೆಯ ಹಿಂದೆ ಏನಿದ್ದರೂ ಅದಕ್ಕೂ ಪಾಲು. ಪ್ರೋಟಾನ್ ಬಸ್ಸು ಬೇರೆ. ದಾರಿಯಲ್ಲಿ ಒಬ್ಬಿಬ್ಬರನ್ನು ಇಳಿಸಿ, ನಿಧಾನವಾಗುತ್ತಾ ನಿಧಾನವಾಗುತ್ತಾ, ಕೊನೇ ಸ್ಟಾಪಿನಲ್ಲಿ ಉಳಿದವರನ್ನೆಲ್ಲ ಒಟ್ಟಿಗೆ ಇಳಿಸಿ ಎಂಜಿನ್ ಆಫ್. ಮುಂದಕ್ಕೆ ಹೋಗುವ ಮಾತೇ ಇಲ್ಲ. ಕೊನೆಯಲ್ಲಿ ಹೀಗೆ ಒಮ್ಮೆಗೇ ಶಕ್ತಿ ಸುರಿಯುವುದಕ್ಕೆ ಬ್ರಾಗ್ ಪೀಕ್ ಅನ್ನುತ್ತಾರೆ. ವಿಲಿಯಂ ಬ್ರಾಗ್ ಅನ್ನುವವರು ಆಸ್ಟ್ರೇಲಿಯಾದಲ್ಲಿದ್ದಾಗ 1904ರ ಸುಮಾರಿಗೆ ಆಲ್ಫಾ ಕಣಗಳಲ್ಲಿ ಇದನ್ನು ಕಂಡಿದ್ದರು. ಇದನ್ನೇ ಕ್ಯಾನ್ಸರಿಗೆ ಬಳಸಬಹುದಲ್ಲ ಅಂತ 1946ರಲ್ಲಿ ಬರೆದವರು ರಾಬರ್ಟ್ ವಿಲ್ಸನ್. ಆಟಂ ಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿ ಬಂದ ಮನುಷ್ಯ. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗಳಿಗೆ ಕೊಟ್ಟರು. ಆದರೆ ಅದು ಪ್ರಯೋಗಾಲಯ. ಈ ದೇಶದಲ್ಲಿ ಆಸ್ಪತ್ರೆಯೊಳಗೇ ಇದಕ್ಕೊಂದು ಯಂತ್ರ ಅಂತ ಬಂದದ್ದು 1990ರಲ್ಲಿ, ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ.

ಬ್ರೋಷರಿನಲ್ಲಿ ಇಲ್ಲಿಯವರೆಗಿನ ಕಥೆ ಚೆನ್ನಾಗಿಯೇ ಇರುತ್ತದೆ. ಹೇಳದೇ ಬಿಡುವುದು ಮುಂದಿನದನ್ನು. ಈ ಬಸ್ಸಿಗೆ ಬ್ರೇಕ್ ಇಲ್ಲ. ಡೀಸೆಲ್ ಅಳೆದು ಹಾಕಿರುತ್ತಾರೆ, ಅದು ಮುಗಿದ ಕಡೆ ನಿಲ್ಲುತ್ತದೆ, ಅಷ್ಟೇ. ರಸ್ತೆ ಹೇಗಿದೆ ಅಂತ ಮೊದಲೇ ಸರಿಯಾಗಿ ಗೊತ್ತಿದ್ದರೆ ಸರಿಯಾದ ಸ್ಟಾಪು. ರಸ್ತೆ ಬದಲಾಯಿತೋ, ಒಂದು ಮೈಲಿ ಹಿಂದೆಯೋ ಮುಂದೆಯೋ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಡಾಕ್ಟರಲ್ಲ, ಅಲ್ಲಿನ ಫಿಸಿಸಿಸ್ಟ್, ಅಂದರೆ ಕಿರಣದ ಲೆಕ್ಕ ಹಾಕುವ ಭೌತವಿಜ್ಞಾನಿ. ಪ್ರೋಟಾನ್ ಇರುವ ಆಸ್ಪತ್ರೆಯಲ್ಲಿ ಫಿಸಿಸಿಸ್ಟ್ ಅಂತ ಒಂದು ದಂಡೇ ಇರುತ್ತದೆ. ದಯವಿಟ್ಟು ಅವರ ಜೊತೆ ಹತ್ತು ನಿಮಿಷ ಕೇಳಿ ಪಡೆಯಿರಿ. ನನ್ನ ಸಿಟಿ ಸ್ಕ್ಯಾನ್ ತೆರೆದು ಆಕೆ ತೋರಿಸಿದ್ದು ಹಲ್ಲಿನ ಸಾಲು. ಅಲ್ಲಿಂದ ಎಲ್ಲ ಕಡೆಗೂ ಬಿಳಿ ಕಪ್ಪು ಗೆರೆ, ದೀಪಾವಳಿಯ ಸುರುಸುರುಬತ್ತಿ ಹಚ್ಚಿಟ್ಟ ಹಾಗೆ. ಕಾಲೇಜಿನಲ್ಲಿದ್ದಾಗ ಶಿವಮೊಗ್ಗದಲ್ಲಿ ಹಲ್ಲಿಗೆ ಹಾಕಿಸಿದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಅದು! ಆಗ ಚೌಕಾಸಿ ಮಾಡಿ ಹಾಕಿಸಿದ್ದು. ಲೋಹದ ಸುತ್ತ ಸಿಟಿ ಚಿತ್ರ ಕೆಡುತ್ತದೆ. ಚಿತ್ರ ಕೆಟ್ಟರೆ ಆ ದಾರಿಯಲ್ಲಿ ಪ್ರೋಟಾನ್ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಅನ್ನುವ ಲೆಕ್ಕವೂ ಕೆಡುತ್ತದೆ. ಅದಕ್ಕೇ ಕಿರಣ ಆ ಹಲ್ಲಿನ ಮೂಲಕ ಹೋಗದ ಹಾಗೆ ದಾರಿ ಆರಿಸಿದ್ದೇವೆ ಅಂದರು.

ಲೋಹ ಇಲ್ಲದಿದ್ದರೂ ಪೂರ್ತಿ ಖಾತ್ರಿ ಇಲ್ಲವಂತೆ. ಸಿಟಿ ಸ್ಕ್ಯಾನ್ ತೋರಿಸುವುದು ಎಕ್ಸ್‌ರೇಗೆ ದೇಹ ಹೇಗೆ ಕಾಣುತ್ತದೆ ಅನ್ನುವುದನ್ನು. ಪ್ರೋಟಾನಿಗೆ ಅದೇ ಮೂಳೆ, ಅದೇ ಕೊಬ್ಬು ಎಷ್ಟು ಅಡ್ಡ ಬರುತ್ತದೆ ಅನ್ನುವುದನ್ನು ಅದರಿಂದ ಲೆಕ್ಕ ಹಾಕಿ ತೆಗೆಯಬೇಕು, ಅಂದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ. ಅನುವಾದದಲ್ಲಿ ಸ್ವಲ್ಪ ಸೋರುತ್ತದೆ. ಆ ಸೋರಿಕೆಗೆ ಬಹಳ ಕಡೆ ಇಟ್ಟುಕೊಳ್ಳುವ ಲೆಕ್ಕ ಆಳದ ಶೇಕಡಾ 3.5, ಮೇಲೆ ಒಂದೆರಡು ಮಿಲಿಮೀಟರ್. ಹತ್ತು ಸೆಂಟಿಮೀಟರ್ ಒಳಗಿರುವ ಗಡ್ಡೆಗೆ ಸುಮಾರು ಅರ್ಧ ಸೆಂಟಿಮೀಟರ್ ಆಯಿತು. ಕಾಲಿನಲ್ಲಾದರೆ ಏನೂ ಅಲ್ಲ. ಕಣ್ಣಿನ ನರದ ಪಕ್ಕ ಅರ್ಧ ಸೆಂಟಿಮೀಟರ್ ಅಂದರೆ ಬಹಳ ದೂರ.

ಇದರಿಂದ ಒಂದು ವಿಚಿತ್ರ ಆಗುತ್ತದೆ ನೋಡಿ. ಪ್ರೋಟಾನ್ ಇಂಥಲ್ಲೇ ನಿಲ್ಲುತ್ತದೆ ಅನ್ನುವುದಕ್ಕೇ ಅಲ್ವಾ ಇಷ್ಟು ದುಡ್ಡು. ಆದರೆ ನಿಲ್ಲುವ ಜಾಗ ನಾಜೂಕಾದ ಅಂಗದ ಎದುರಿಗೇ ಬರುವಂತೆ ಕಿರಣ ಬಿಡುವುದಕ್ಕೆ ಡಾಕ್ಟರುಗಳು ಹಿಂಜರಿಯುತ್ತಾರೆ. ಲೆಕ್ಕದಲ್ಲಿ ಏರುಪೇರಾಗಬಹುದು, ಜೊತೆಗೆ ನಿಲ್ಲುವ ತುದಿಯಲ್ಲಿ ಪ್ರೋಟಾನಿನ ಪೆಟ್ಟೂ ಜೋರು. ನನಗೂ ಹಾಗೇ ಮಾಡಿದರು. ಕಣ್ಣಿನ ನರವನ್ನು ನೇರ ಎದುರಿಸದೆ ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಮೂರು ದಿಕ್ಕಿನಿಂದ ಕಿರಣ. ಗಾಡಿಯ ಅತ್ಯುತ್ತಮ ಗುಣವನ್ನೇ ಬಳಸದೆ ಓಡಿಸಿದ ಹಾಗಾಯಿತಲ್ಲ ಅಂದೆ. ಫಿಸಿಸಿಸ್ಟ್ ನಕ್ಕು, ಅದಕ್ಕೇ ನಮಗೆಲ್ಲ ಇನ್ನೂ ಕೆಲಸ ಇರೋದು ಅಂದರು.

ಇನ್ನು ದಿನದ ಕೆಲಸ. ಬೆಚ್ಚಗಿನ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಮಾಸ್ಕ್ ಮಾಡುತ್ತಾರೆ. ಒದ್ದೆ ಟವೆಲ್ ಹೊದಿಸಿದ ಹಾಗಿರುತ್ತದೆ, ಆಮೇಲೆ ಬಿಗಿಯುತ್ತದೆ. ಅದನ್ನು ಹಾಕಿ ಮೇಜಿಗೆ ಕ್ಲಿಪ್ ಮಾಡಿದರೆ ಕಣ್ಣುರೆಪ್ಪೆ ಬಿಟ್ಟು ಇನ್ನೇನೂ ಅಲ್ಲಾಡುವುದಿಲ್ಲ. ಕಿರಣವನ್ನು ಬೇಕಾದ ದಿಕ್ಕಿಗೆ ತಿರುಗಿಸಲು ನಮ್ಮ ಸುತ್ತ ತಿರುಗುವ ಚೌಕಟ್ಟು, ಅಂದರೆ ಗ್ಯಾಂಟ್ರಿ, ಮೂರು ಮಹಡಿ ಎತ್ತರದ್ದು, ನೂರು ಟನ್ನಿಗೂ ಮೇಲೆ ತೂಕ. ನಮಗೆ ಕಾಣುವುದು ಮಾತ್ರ ಬಿಳಿ ಗೋಡೆ ಮತ್ತು ಒಂದು ಮೂತಿ. ಅದರೊಳಗಿಂದ ಬೆಳಕಿನ ವೇಗದ ಹೆಚ್ಚುಕಡಿಮೆ ಅರ್ಧದಷ್ಟು ವೇಗದಲ್ಲಿ ಕಣಗಳು ಬರುತ್ತವೆ, ಆದರೆ ಚರ್ಮಕ್ಕೆ ಏನೂ ಗೊತ್ತಾಗುವುದಿಲ್ಲ. ಮೊದಲು ಎಕ್ಸ್‌ರೇ ತೆಗೆದು ಮೂಳೆ ಹೊಂದಿಸುತ್ತಾರೆ, ಮೇಜು ಒಂದು ಮಿಲಿಮೀಟರ್ ಆಚೆ ಈಚೆ ಜರುಗುತ್ತದೆ, ಆಮೇಲೆ ಕಿರಣ. ಪ್ರತಿ ದಿಕ್ಕಿನಿಂದ ಒಂದು ನಿಮಿಷ ಅಷ್ಟೇ. ಉಳಿದ ಅರ್ಧ ಗಂಟೆ ಹೊಂದಿಸುವುದಕ್ಕೆ ಮತ್ತು ಕಾಯುವುದಕ್ಕೆ. ಕಾಯುವುದು ಯಾಕೆಂದರೆ ಪ್ರೋಟಾನಿಗೆ ವೇಗ ಕೊಡುವ ಯಂತ್ರ, ಸೈಕ್ಲೋಟ್ರಾನ್, ಇರುವುದು ಒಂದು, ಕೋಣೆಗಳು ಮೂರ್ನಾಲ್ಕು. ಪಕ್ಕದ ಕೋಣೆಯವರ ಸರದಿ ಮುಗಿಯಬೇಕು. ಬಚ್ಚಲು ಒಂದು, ಬಾಡಿಗೆದಾರರು ನಾಲ್ಕು ಅನ್ನುವ ಹಾಗೆ. ಮುಖಕ್ಕೆ ಮಾಸ್ಕ್ ಬಿಗಿದು ಮಲಗಿರುವಾಗ ಆ ಏಳೆಂಟು ನಿಮಿಷ ಬಹಳ ಉದ್ದ. ಒಂದೆರಡು ಸಲ ವಿಷ್ಣು ಸಹಸ್ರನಾಮ ಅರ್ಧ ಮುಗಿಸಿದ್ದೇನೆ, ನಾನೇನು ಅಂಥ ಭಕ್ತನಲ್ಲ.

ಕಿರಣ ಬಿಟ್ಟಾಗ ಕಣ್ಣು ಮುಚ್ಚಿದ್ದರೂ ನೀಲಿ ಮಿಂಚು ಕಾಣಿಸಿತು. ಮೂಗಿಗೆ ಫಿನಾಯಿಲ್ ಥರದ ವಾಸನೆ. ಭ್ರಮೆಯೇನೋ ಅಂತ ಹೆದರಿ ಕೇಳಿದರೆ, ತಲೆಗೆ ರೇಡಿಯೇಷನ್ ತಗೊಳ್ಳೋ ಬಹಳ ಜನ ಹೇಳ್ತಾರೆ, ಹೆದರಬೇಡಿ ಅಂದರು. ಇದನ್ನು ಮೊದಲ ದಿನವೇ ಹೇಳಬಹುದಿತ್ತು.

ಈಗ ನೆಗಡಿಯ ವಿಷಯ. ಈ ರಿವ್ಯೂ ಬರೆಯುವುದಕ್ಕೆ ಅದೇ ಕಾರಣ. ಮೂರನೇ ವಾರ ಮಗ ಸ್ಕೂಲಿನಿಂದ ನೆಗಡಿ ತಂದ. ಎರಡೇ ದಿನಕ್ಕೆ ನನ್ನ ಮೂಗೂ ಕಟ್ಟಿತು. ಇದನ್ನೂ ಹೇಳಬೇಕಾ ಅಂತ ಸುಮ್ನೆ ಇದ್ದೆ. ಹೆಂಡತಿ ಬಿಡಲಿಲ್ಲ, "ಏನ್ರೀ, ಗಡ್ಡೆ ಇದ್ದಿದ್ದೇ ಮೂಗಿನ ಪಕ್ಕ, ಹೇಳೋಕೇನು ನಿಮಗೆ" ಅಂತ ನನ್ನ ಎದುರಿಗೇ ಟೆಕ್ನಿಷಿಯನ್ನಿಗೆ ಹೇಳಿದಳು. ಆತ ಒಂದು ಮಾತೂ ಆಡದೆ ಹೋಗಿ ಫಿಸಿಸಿಸ್ಟನ್ನು ಕರೆದುಕೊಂಡು ಬಂದ. ಅವತ್ತು ಕಿರಣ ಇಲ್ಲ, ಸೀದಾ ಸಿಟಿ ಸ್ಕ್ಯಾನ್.

ಮಧ್ಯಾಹ್ನ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲ ದಿನದ್ದರಲ್ಲಿ ಆಪರೇಷನ್ ಮಾಡಿದ ಗೂಡು ಕಪ್ಪಗಿತ್ತು, ಅಂದರೆ ಖಾಲಿ ಗಾಳಿ. ಇವತ್ತಿನದರಲ್ಲಿ ಮುಕ್ಕಾಲು ಭಾಗ ಬೂದು. ಸಿಂಬಳ ಸ್ವಾಮಿ, ಬರೀ ಸಿಂಬಳ! ಗಾಳಿಯಲ್ಲಿ ಪ್ರೋಟಾನಿಗೆ ಖರ್ಚೇ ಇಲ್ಲ. ಸಿಂಬಳ ಹೆಚ್ಚುಕಡಿಮೆ ನೀರಿನ ಹಾಗೆ. ಎರಡು ಸೆಂಟಿಮೀಟರ್ ಗಾಳಿ ಇದ್ದ ಕಡೆ ಎರಡು ಸೆಂಟಿಮೀಟರ್ ನೀರು ಬಂತು ಅಂದರೆ ಕಿರಣ ಎರಡು ಸೆಂಟಿಮೀಟರ್ ಮುಂಚೆಯೇ ನಿಂತುಬಿಡುತ್ತದೆ. ಹಿಂದುಗಡೆಯ ಮೂಳೆಗೆ, ಅಂದರೆ ಯಾವುದಕ್ಕೋಸ್ಕರ ಇದೆಲ್ಲ ಮಾಡುತ್ತಿದ್ದೇವೋ ಅದಕ್ಕೇ, ಏನೂ ಸಿಗುವುದಿಲ್ಲ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. ಕಿರಣದ ಲೆಕ್ಕ ಹಾಕಿ ಪ್ಲಾನ್ ಮಾಡುವ ದಿನ ಗೂಡು ತುಂಬಿಕೊಂಡಿದ್ದು ಆಮೇಲೆ ಖಾಲಿಯಾದರೆ ಕಿರಣ ಗುರಿ ದಾಟಿ ಮಿದುಳಿನ ಕಡೆಗೆ. ಎಕ್ಸ್‌ರೇ ರೇಡಿಯೇಷನ್ನಿಗೆ ನೆಗಡಿಯಿಂದ ಇಷ್ಟೆಲ್ಲ ಫರಕು ಬೀಳುವುದಿಲ್ಲ. ದಿನಾ ಮೂಳೆ ಹೊಂದಿಸುವ ಎಕ್ಸ್‌ರೇಯಲ್ಲಿ ಇದು ಗೊತ್ತೂ ಆಗುವುದಿಲ್ಲ, ಯಾಕೆಂದರೆ ಮೂಳೆ ಇದ್ದಲ್ಲೇ ಇದೆ.

ಹೊಸ ಪ್ಲಾನ್ ಮಾಡುವುದಕ್ಕೆ ಎರಡು ದಿನ ಹಿಡಿಯಿತು. ನೆಗಡಿ ಹೋದ ಮೇಲೆ ಮತ್ತೆ ಸ್ಕ್ಯಾನ್, ಮತ್ತೆ ಹಳೇ ಪ್ಲಾನ್. ಆಮೇಲೆ ಪ್ರತಿ ವಾರ ತಪ್ಪದೆ ಸ್ಕ್ಯಾನ್ ಮಾಡಿದರು. ಇಷ್ಟು ದೊಡ್ಡ ಯಂತ್ರ, ಮೂರು ಮಹಡಿ, ನೂರು ಟನ್, ಮಗನ ನೆಗಡಿಗೆ ಮಣಿಯಿತು. ಅದಕ್ಕೇ ನಾನು ನಾಲ್ಕು ಸ್ಟಾರ್ ಕೊಟ್ಟಿದ್ದು ಯಂತ್ರಕ್ಕಲ್ಲ, ಅವತ್ತು ಕಿರಣ ಬಿಡದೆ ನಿಲ್ಲಿಸಿದ ಆ ಟೆಕ್ನಿಷಿಯನ್ನಿಗೆ. ಆಸ್ಪತ್ರೆ ನೋಡಲು ಹೋದಾಗ ಗ್ಯಾಂಟ್ರಿ ತೋರಿಸಿ ಬಾಯಿ ಬಿಡಿಸುತ್ತಾರೆ. ಬಿಡಿ. ಆದರೆ ಇದನ್ನು ಕೇಳಿ: ನಡುವೆ ಎಷ್ಟು ಸಲ ಮತ್ತೆ ಸ್ಕ್ಯಾನ್ ಮಾಡುತ್ತೀರಿ, ಬದಲಾವಣೆ ಕಂಡರೆ ಹೊಸ ಪ್ಲಾನಿಗೆ ಎಷ್ಟು ದಿನ, ಅದರ ದುಡ್ಡು ಪ್ಯಾಕೇಜಿನಲ್ಲೇ ಇದೆಯಾ. ಉತ್ತರ ತಡವರಿಸಿಕೊಂಡು ಬಂದರೆ ಇನ್ನೊಂದು ಕಡೆ ನೋಡಿ.

ಈ ನಿಲ್ಲುವ ಜಾಗದ ತಲೆನೋವಿಗೆ ಮದ್ದು ಹುಡುಕುವ ಕೆಲಸ ಜೋರಾಗಿಯೇ ನಡೆದಿದೆ. ಮಾಸ್ಕಿನ ಗಾಯ ಮಾಯುವವರೆಗೆ ಮನೆಯಲ್ಲಿ ಕೂತು ಓದಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಜರ್ಮನಿಯ ಡ್ರೆಸ್ಡೆನ್‌ನವರ ಕೆಲಸ. ಪ್ರೋಟಾನ್ ದೇಹದೊಳಗೆ ಹೋಗುವಾಗ ಅಲ್ಲಿನ ಕಾರ್ಬನ್, ಆಕ್ಸಿಜನ್ ಪರಮಾಣುಗಳನ್ನು ಕೆಣಕುತ್ತದೆ. ಅವು ಕ್ಷಣಮಾತ್ರದಲ್ಲಿ ಎಕ್ಸ್‌ರೇಯ ಜಾತಿಯದೇ ಒಂದು ಗಾಮಾ ಕಿರಣ ಹೊರಕ್ಕೆ ಎಸೆಯುತ್ತವೆ. ಆ ಗಾಮಾವನ್ನು ಪಕ್ಕದಲ್ಲಿ ಕ್ಯಾಮೆರಾ ಇಟ್ಟು ಹಿಡಿದರೆ ಬಸ್ಸು ಎಲ್ಲಿಯವರೆಗೆ ಬಂತು ಅಂತ ಅದೇ ಹೊತ್ತಿಗೆ ಗೊತ್ತಾಗುತ್ತದೆ. ಸಣ್ಣ ಸೀಳಿನ ಮೂಲಕ ನೋಡುವ ಅಂಥ ಕ್ಯಾಮೆರಾವನ್ನು ಅವರು 2015ರಲ್ಲಿ ಮೊದಲ ಸಲ ರೋಗಿಯ ಚಿಕಿತ್ಸೆಯಲ್ಲಿ ಇಟ್ಟು ನೋಡಿದರು. ಅದಕ್ಕಿಂತ ಮುಂಚಿನ ಉಪಾಯ ಇನ್ನೊಂದಿದೆ. ಕಿರಣ ಬಿಟ್ಟ ಮೇಲೆ ದೇಹದಲ್ಲಿ ಸ್ವಲ್ಪ ಹೊತ್ತು ಉಳಿಯುವ ವಿಕಿರಣವನ್ನು ಪೆಟ್ ಸ್ಕ್ಯಾನಿನಲ್ಲಿ ನೋಡುವುದು, ಬಾಸ್ಟನ್‌ನಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಆದರೆ ಆ ಗುರುತು ಬೇಗ ಅಳಿಸಿಹೋಗುತ್ತದೆ, ರಕ್ತದ ಜೊತೆ ಕೊಚ್ಚಿಕೊಂಡೂ ಹೋಗುತ್ತದೆ. ಮಳೆ ಬಂದ ಮೇಲೆ ರಂಗೋಲಿ ಹುಡುಕಿದ ಹಾಗೆ.

ಇನ್ನೊಂದು ದಾರಿ ಮೊದಲ ಸ್ಕ್ಯಾನನ್ನೇ ಚೆನ್ನಾಗಿ ಮಾಡುವುದು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಳಸುವ ಸಿಟಿ ಇದೆ. ಅದರಲ್ಲಿ ಅನುವಾದದ ಸೋರಿಕೆ ಕಡಿಮೆ. ಇದನ್ನೂ ದಿನಬಳಕೆಗೆ ತಂದವರಲ್ಲಿ ಡ್ರೆಸ್ಡೆನ್‌ನವರು ಮುಂದೆ, 3.5 ಇದ್ದದ್ದನ್ನು ಶೇಕಡಾ 2ರ ಆಸುಪಾಸಿಗೆ ಇಳಿಸಿದ್ದಾರೆ. ಕೇಳುವುದಕ್ಕೆ ಒಂದೂವರೆ ಅಷ್ಟೇ, ಆದರೆ ಗಡ್ಡೆಯ ಸುತ್ತ ಸುಮ್ಮನೆ ಸುಡುತ್ತಿದ್ದ ಒಳ್ಳೆಯ ಮಾಂಸದ ಒಂದು ಪದರವೇ ಉಳಿಯಿತಲ್ಲ. ಪ್ರೋಟಾನನ್ನೇ ದೇಹದ ಆಚೆಗೆ ದಾಟಿಸಿ ಅದರಿಂದಲೇ ಚಿತ್ರ ತೆಗೆದರೆ ಅನುವಾದವೇ ಬೇಡ ಅನ್ನುವವರೂ ಇದ್ದಾರೆ. ದಪ್ಪ ಹೊಟ್ಟೆಯವರಿಗೆ ಅದು ಕಷ್ಟ. ಸಾಮಾನ್ಯ ಯಂತ್ರದ 230 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್ ನೀರಿನಲ್ಲಿ ಹೋಗುವುದೇ 33 ಸೆಂಟಿಮೀಟರ್, ಆಚೆ ಬರುವುದು ಎಲ್ಲಿಂದ?

ನನ್ನ ಆಸ್ಪತ್ರೆಯಲ್ಲಿ ಗಾಮಾ ಕ್ಯಾಮೆರಾ ಇದೆಯಾ ಅಂತ ಉತ್ಸಾಹದಿಂದ ಕೇಳಿದೆ. ಇಲ್ಲ. ನಮ್ಮ ಪಾಲಿಗೆ ವಾರದ ಸ್ಕ್ಯಾನೇ ಗತಿ.

ಬೈಯಬೇಕಾದ್ದು ಬೈಯುತ್ತೇನೆ. ಮೊದಲನೆಯದು ಇನ್ಶೂರೆನ್ಸ್. ಅರ್ಜಿ ಹಾಕಿದ ಎರಡನೇ ವಾರಕ್ಕೆ ಪತ್ರ ಬಂತು, ಇದು ಅಗತ್ಯವಲ್ಲ, ಎಕ್ಸ್‌ರೇ ಸಾಕು. ಪತ್ರಕ್ಕೆ ಸಹಿ ಹಾಕಿದ ಡಾಕ್ಟರ್ ನನ್ನನ್ನು ನೋಡೂ ಇಲ್ಲ. ನನ್ನ ಡಾಕ್ಟರ್ ಎರಡೂ ಪ್ಲಾನ್ ಪಕ್ಕಪಕ್ಕ ಹಾಕಿ, ಕಣ್ಣಿನ ನರಕ್ಕೆ ಇದರಲ್ಲಿ ಇಷ್ಟು, ಅದರಲ್ಲಿ ಅಷ್ಟು ಅಂತ ಲೆಕ್ಕ ಕೊಟ್ಟು, ಫೋನಿನಲ್ಲಿ ವಾದ ಮಾಡಿ ಗೆದ್ದರು. ಅಷ್ಟರಲ್ಲಿ ಮೂರು ವಾರ ಹೋಗಿತ್ತು. ಕ್ಯಾನ್ಸರ್ ಇದ್ದವನಿಗೆ ಮೂರು ವಾರ ಅಂದರೆ ಏನು ಅಂತ ಆ ಕಂಪನಿಯವರಿಗೆ ಯಾರು ಹೇಳಬೇಕು. ನಿಮಗೂ ಇಂಥ ಪತ್ರ ಬಂದರೆ ಅಳುತ್ತಾ ಕೂರಬೇಡಿ, ಆ ಎರಡು ಪ್ಲಾನಿನ ಹೋಲಿಕೆ ಕೇಳಿ.

ಎರಡನೆಯದು, ಯಂತ್ರ ಕೆಡುತ್ತದೆ. ನನ್ನ 33ರಲ್ಲಿ ಎರಡು ದಿನ ಹಾಗೇ ವಾಪಸ್ ಬಂದೆ. ಒಂದು ಸಲ ಮಾಸ್ಕ್ ಹಾಕಿ ಮಲಗಿಸಿ ಮುಕ್ಕಾಲು ಗಂಟೆ ಆದ ಮೇಲೆ ಹೇಳಿದರು. ಶನಿವಾರ ಕರೆಸಿ ಸರಿಮಾಡಿದರು ಅನ್ನಿ. ಮೂರನೆಯದು, ಅಡ್ಡಪರಿಣಾಮ ಹೆಚ್ಚೇನಿಲ್ಲ ಅನ್ನುವ ಮಾತು. ಪ್ರೋಟಾನ್ ಗಡ್ಡೆಯ ಆಚೆಗೆ ಹೋಗುವುದಿಲ್ಲ, ನಿಜ. ಆದರೆ ಒಳಗೆ ಹೋಗುವ ಬಾಗಿಲಲ್ಲಿ ಚರ್ಮವನ್ನು ಎಕ್ಸ್‌ರೇಗಿಂತ ಜಾಸ್ತಿಯೇ ಸುಡುತ್ತದೆ. ಐದನೇ ವಾರಕ್ಕೆ ಕೆನ್ನೆ ಬೆಂದ ಬದನೆಕಾಯಿಯ ಹಾಗಾಗಿತ್ತು. ಬಾಯಲ್ಲಿ ಹುಣ್ಣು. ನಾಲಿಗೆಗೆ ರುಚಿಯೇ ಇಲ್ಲ, ಹೆಂಡತಿ ಮಾಡಿದ ಸಾರು ಬಿಸಿನೀರಿನ ಹಾಗಿತ್ತು, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಹೇಳಲಿಲ್ಲ. ಇಲ್ಲಿನ ಕನ್ನಡ ಬಳಗದ ಒಬ್ಬ ಅಕ್ಕ ದಿನ ಬಿಟ್ಟು ದಿನ ತಣ್ಣಗಿನ ರಾಗಿ ಅಂಬಲಿ ತಂದಿಡುತ್ತಿದ್ದರು. ಗಂಟಲಲ್ಲಿ ಇಳಿದದ್ದು ಅದೊಂದೇ. ತೂಕ ಆರು ಕಿಲೋ ಇಳಿಯಿತು, ಮಾಸ್ಕ್ ಸಡಿಲವಾಯಿತು, ಅದಕ್ಕೂ ಮತ್ತೊಂದು ಸ್ಕ್ಯಾನ್.

ಎಲ್ಲ ಕ್ಯಾನ್ಸರಿಗೂ ಇದೇ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರಾಸ್ಟೇಟ್ ಕ್ಯಾನ್ಸರಿನ 450 ಜನರಲ್ಲಿ ಪ್ರೋಟಾನ್ ಮತ್ತು ಎಕ್ಸ್‌ರೇ ಹೋಲಿಸಿದ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಕರುಳಿನ ತೊಂದರೆಯಲ್ಲಿ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. ಗಂಟಲಿನ ಕ್ಯಾನ್ಸರಿನಲ್ಲಿ 440 ಜನರ ಮೇಲೆ ಮಾಡಿದ ಇನ್ನೊಂದರಲ್ಲಿ ಪ್ರೋಟಾನ್ ತೆಗೆದುಕೊಂಡವರಿಗೆ ಹೊಟ್ಟೆಗೆ ಊಟದ ನಳಿಕೆ ಹಾಕಿಸಿಕೊಳ್ಳುವ ಪಾಡು ಕಡಿಮೆ ಬಂತು. ಮಕ್ಕಳಿಗೆ, ತಲೆಬುರುಡೆಯ ಬುಡಕ್ಕೆ, ಬೆನ್ನುಹುರಿಯ ಪಕ್ಕಕ್ಕೆ ಅಂತಾದರೆ ಖಂಡಿತ ಕೇಳಿ. ಊರಿನಲ್ಲಿರುವವರು ಅಮೆರಿಕಕ್ಕೆ ಬರಬೇಕಾಗಿಲ್ಲ. ಚೆನ್ನೈನಲ್ಲಿ ಅಪೋಲೋದವರದು 2019ರಿಂದ ಇದೆ, ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದು 2023ರಲ್ಲಿ ಶುರುವಾಯಿತು.

ಐದನೇ ಸ್ಟಾರ್ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಆರು ತಿಂಗಳಿಗೊಂದು ಎಂಆರ್‌ಐ ಇದೆ, ಇನ್ನೂ ಎರಡೇ ಆಗಿರುವುದು, ಎರಡೂ ಶುಭ್ರ. ಎಡಗಣ್ಣು ಸರಿಯಾಗಿದೆ. ಸಾರಿನ ರುಚಿ ಮುಕ್ಕಾಲು ಪಾಲು ವಾಪಸ್ ಬಂದಿದೆ, ಉಪ್ಪು ಮಾತ್ರ ಇನ್ನೂ ತಿಳಿಯುವುದಿಲ್ಲ. ಮಾಸ್ಕ್ ಬೇಕಾದರೆ ಕೊಡುತ್ತೇವೆ ಅಂದರು, ತಂದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ, ಮಗ ಅದನ್ನು ಹಾಕಿಕೊಂಡು ತಂಗಿಯನ್ನು ಹೆದರಿಸುತ್ತಾನೆ.

ಹೇಳುವುದು ಮರೆತೆ. ಪಾರ್ಕಿಂಗ್ ಫ್ರೀ, ಬಾಗಿಲ ಹತ್ತಿರವೇ ಜಾಗ ಸಿಗುತ್ತದೆ. ಅಲ್ಲಿನ ಕಾಫಿ ಮಾತ್ರ ಕುಡಿಯಬೇಡಿ, ಮನೆಯಿಂದ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿ.